ಗೋಣಿಕೊಪ್ಪ–ಪೊನ್ನಂಪೇಟೆ ಸಂತೆ ದಾರಿ: ಒಂದು ಗೇಟಿಗೆ ಬಂದು ನಿಂತಿದ್ದೇವೆ, ಏನು ಮಾಡೋಣ?

ಟೇಪು ಅಕ್ಕ, ಗೋಣಿಕೊಪ್ಪ

ನಮಸ್ಕಾರ. ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಮನೆ ಪೊನ್ನಂಪೇಟೆ ದಾರಿಯಲ್ಲಿ. ಮಗಳು ಪೊನ್ನಂಪೇಟೆಯಲ್ಲಿ ಎಂಟನೇ ಕ್ಲಾಸು. ಎರಡು ಪೇಟೆಗೂ ಮಧ್ಯೆ ಇರುವುದೇ ನಾಲ್ಕೈದು ಕಿಲೋಮೀಟರ್. ಆದರೆ ಆ ರಸ್ತೆಯಲ್ಲಿ ಮಗುವನ್ನು ಸೈಕಲ್ ಮೇಲೆ ಕಳಿಸಿ ನೆಮ್ಮದಿಯಾಗಿ ಹೊಲಿಯುತ್ತಾ ಕೂರೋಕಾಗುತ್ತಾ? ಗಡಿಯ ಕುಟ್ಟ ಊರಿನ ಮೇಲೆ ಕೇರಳಕ್ಕೆ ಹೋಗುವ ಗಾಡಿಗಳು. ಶನಿವಾರ ಭಾನುವಾರ ಹೋಂಸ್ಟೇ ಕಾರುಗಳು. ಟಾರಿನ ಅಂಚು ಮುಗಿದರೆ ಚರಂಡಿ. ಮಳೆಗಾಲದಲ್ಲಿ ಕಾಡು ಬೆಳೆದು ಚರಂಡಿ ಎಲ್ಲಿದೆ ಅಂತಲೂ ಗೊತ್ತಾಗುವುದಿಲ್ಲ.

ಕಳೆದ ಜುಲೈಯಲ್ಲಿ ಒಂದು ಜೀಪಿನ ಕನ್ನಡಿ ಮಗಳ ಬ್ಯಾಗಿಗೆ ತಾಗಿತು. ಸೈಕಲ್ ಸಮೇತ ಚರಂಡಿಗೆ ಬಿದ್ದಳು. ಮೊಣಕೈ ತರಚಿತು, ಅಷ್ಟೇ. ಜೀಪು ನಿಲ್ಲಲಿಲ್ಲ. ನಾನೇ ಹೊಲಿದ ಯೂನಿಫಾರಂ, ಆ ರಾತ್ರಿ ತೋಳು ಬಿಚ್ಚಿ ಮತ್ತೆ ಹೊಲಿದೆ. ಹೊಲಿಯುವಾಗ ಅತ್ತೆ ಹೇಳಿದರು, "ನಮ್ಮ ಕಾಲದಲ್ಲಿ ಈ ರಸ್ತೆಗೆ ಯಾರು ಬರುತ್ತಿದ್ದರು? ಸಂತೆ ದಾರಿ ಇತ್ತಲ್ಲ."

ಆ ದಾರಿ ಈಗಲೂ ಇದೆ. ನಮ್ಮ ಮನೆ ಹಿಂದಿನಿಂದ ಗದ್ದೆ ಏರಿ ಮೇಲೆ ಹೋಗಿ, ಒಂದು ತೋಡು (ಸಣ್ಣ ಹಳ್ಳ) ದಾಟಿ, ಸಿಲ್ವರ್ ಓಕ್ ಸಾಲಿನ ನಡುವೆ ತೋಟದೊಳಗೆ ನುಗ್ಗಿ, ಪೊನ್ನಂಪೇಟೆ ಕಡೆಗೆ ಬಿಡುತ್ತದೆ. ಜನವರಿಯಲ್ಲಿ ಹದಿನಾಲ್ಕು ಜನ ಸೇರಿ ನಾಲ್ಕು ಭಾನುವಾರ ಕತ್ತಿ ಹಿಡಿದೆವು. ಲಂಟಾನ ಕಡಿದೆವು. ತೋಡಿಗೆ ಅಡಿಕೆ ಮರದ ಸಂಕ (ಕಾಲುಸೇತುವೆ) ಹಾಕಿದೆವು. ಒಬ್ಬರ ಮನೆಯಿಂದ ಕಾಫಿ, ಇನ್ನೊಬ್ಬರ ಮನೆಯಿಂದ ಕಡಂಬುಟ್ಟು. ಅಷ್ಟು ಖುಷಿಯ ಭಾನುವಾರ ನಾನು ಕಂಡಿಲ್ಲ.

ಐದನೇ ಭಾನುವಾರ ಗೇಟು. ತೋಟದ ಯಜಮಾನರು ಹೋದ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದಿದ್ದಾರೆ. ಕೆಟ್ಟವರಲ್ಲ. "ದಾರಿ ಬಿಟ್ಟರೆ ನಾಳೆ ಬೈಕು, ನಾಡಿದ್ದು ಜೀಪು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಂಥ ದಾರಿ ಮಾಡಿಕೊಂಡವರು ಯಾರಾದರೂ ಇದ್ದೀರಾ? ಗೇಟಿಗೆ ಏನು ಮಾಡಿದಿರಿ? ಮತ್ತೆ ಜೂನ್ ಬಂದರೆ ನಮ್ಮ ಕೆಲಸ ಉಳಿಯುತ್ತಾ?

ಚೈನು ಹಿಡಿದವ (ನಿವೃತ್ತ ಸರ್ವೆಯರ್)

ತಂಗೀ, ಮೊದಲು ಗ್ರಾಮ ನಕ್ಷೆ ತೆಗೆಸು. ಹಳೇ ನಕ್ಷೆಯಲ್ಲಿ ಒಂದೇ ಸಾಲು ಚುಕ್ಕೆ ಇದ್ದರೆ ಕಾಲುದಾರಿ, ಜೋಡಿ ಸಾಲು ಇದ್ದರೆ ಬಂಡಿದಾರಿ. ದಿಶಾಂಕ್ ಆಪ್ ಹಾಕಿಕೊಂಡು ಗೇಟಿನ ಮುಂದೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಆದರೆ ಮರದಡಿ ಜಿಪಿಎಸ್ ಒಂದಿಷ್ಟು ಆಚೀಚೆ ಆಗುತ್ತದೆ, ಅದನ್ನೇ ನಂಬಿ ಜಗಳಕ್ಕೆ ಹೋಗಬೇಡ.

ದಾರಿ ಸಾರ್ವಜನಿಕರದ್ದು ಅಂತ ದಾಖಲೆ ಇದ್ದರೆ 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಅದು ಸರ್ಕಾರದ್ದು. ಬೀಗ ಹಾಕುವ ಹಾಗಿಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಡಬಹುದು.

ದಾಖಲೆ ಇಲ್ಲದಿದ್ದರೆ 1882ರ ಈಸ್‌ಮೆಂಟ್ ಕಾಯ್ದೆ. 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿದ್ದರೆ ದಾರಿಯ ಹಕ್ಕು ಹುಟ್ಟುತ್ತದೆ. ಅದು ನಿಮ್ಮ ಜಾಗಕ್ಕೆ ಸೇರಿದ ಹಕ್ಕು. ಊರವರೆಲ್ಲರಿಗೆ ಬೇಕಾದರೆ ರೂಢಿಯ ದಾರಿ ಅಂತ ಬೇರೆ ವಾದ ಮಾಡಬೇಕು. ಎರಡು ವಿಷಯ ಮರೆಯಬೇಡ. ಪ್ರತಿ ಸಲ ಯಜಮಾನರ ಅನುಮತಿ ಕೇಳಿ ಹೋಗುತ್ತಿದ್ದಿರಾದರೆ ಆ ಹಕ್ಕು ಬರುವುದಿಲ್ಲ. ಮತ್ತೆ ದಾವೆ ಹಾಕುವುದಾದರೆ ದಾರಿ ಮುಚ್ಚಿ ಎರಡು ವರ್ಷ ಆಗುವುದರೊಳಗೆ ಹಾಕಬೇಕು. ಗೇಟು ಹಾಕಿದ ತಿಂಗಳು ಬರೆದಿಟ್ಟುಕೊ.

ಬೆಳೆಗಾರ, ಅಮ್ಮತ್ತಿ

ಸಾರ್ ಹೇಳಿದ್ದು ಸರಿ. ಆದರೆ ಅಕ್ಕ, ಕಾನೂನಿನ ಕಾಗದ ಹಿಡಿದುಕೊಂಡು ಮೊದಲ ದಿನವೇ ಅವರ ಮನೆಗೆ ಹೋಗಬೇಡಿ. ನಾನೂ ತೋಟದವನೇ. ಗೇಟು ಹಾಕಿದವನ ತಲೆಯಲ್ಲಿ ಏನಿರುತ್ತೆ ಅಂತ ಹೇಳುತ್ತೇನೆ. ನಮ್ಮಲ್ಲಿ ಒಂದು ವರ್ಷ ಬಳ್ಳಿಯಲ್ಲಿದ್ದ ಕರಿಮೆಣಸನ್ನು ರಾತ್ರೋರಾತ್ರಿ ಯಾರೋ ಕುಯ್ದುಕೊಂಡು ಹೋದರು. ಮೂಟೆ ಹೋದದ್ದು ಬೈಕಿನಲ್ಲಿ. ಟಯರಿನ ಗುರುತು ಬೆಳಿಗ್ಗೆ ಹಾಗೇ ಇತ್ತು. ನಡೆದು ಹೋಗುವ ಅಜ್ಜಿಯಿಂದ ನಮಗೆ ತೊಂದರೆ ಇಲ್ಲ. ಬೈಕು ಬಂದರೆ ಕಳ್ಳ ಬರುತ್ತಾನೆ, ಸಂಜೆಗೆ ಬಾಟಲಿ ಬರುತ್ತದೆ. ಆ ಒಡೆದ ಗಾಜು ಚುಚ್ಚುವುದು ನಮ್ಮ ಆಳುಗಳ ಕಾಲಿಗೆ.

ಬೈಕು ನುಗ್ಗದ ಹಾಗೆ ಮಾಡಿ ತೋರಿಸಿ. ಕುಯ್ಲಿನ ತಿಂಗಳುಗಳಲ್ಲಿ ಸಂಜೆ ಬೇಗ ಮುಚ್ಚುತ್ತೇವೆ ಅನ್ನಿ. ಕೀಲಿ ಒಬ್ಬರ ಜವಾಬ್ದಾರಿ ಆಗಲಿ. ನಾನಾದರೆ ಒಪ್ಪುತ್ತಿದ್ದೆ.

ಗೇರ್ ಬದಲಿಸಿ

ಇಷ್ಟೆಲ್ಲಾ ಯಾಕೆ? ಸುಮ್ನೆ ಮಗಳಿಗೆ ಒಂದು ಸ್ಕೂಟಿ ಕೊಡಿಸಿ ಮೇಡಂ.

ಟೇಪು ಅಕ್ಕ

ಅವಳಿಗೆ ಹದಿಮೂರು ವರ್ಷ ಅಣ್ಣ. ಗೇರಿಲ್ಲದ 50 ಸಿಸಿಗೂ 16 ಆಗಬೇಕು. ಅಷ್ಟರಲ್ಲಿ ಅವಳ ಹೈಸ್ಕೂಲೇ ಮುಗಿದಿರುತ್ತೆ.

ಜಿಗಣೆ ಮಿತ್ರ, ಸೋಮವಾರಪೇಟೆ ಕಡೆ

ಮಳೆ ಪ್ರಶ್ನೆಗೆ ನಾನು ಹೇಳುತ್ತೇನೆ, ಸೊಂಟ ಮುರಿದುಕೊಂಡವ ನಾನೇ. ನಮ್ಮ ಕಾಲುದಾರಿಗೆ ಕಾಂಕ್ರೀಟ್ ಹಾಕಿಸಿದೆವು. ಫೋಟೋದಲ್ಲಿ ಚೆಂದ. ಮೇಲೆ ಮರದ ನೆರಳು, ಕೆಳಗೆ ಬಿಸಿಲು ಕಾಣದ ಸಿಮೆಂಟು. ಜುಲೈ ಹೊತ್ತಿಗೆ ಪಾಚಿ ಹಿಡಿದು ಸೋಪು ಹಚ್ಚಿದ ಹಾಗೆ ಆಯಿತು. ನನ್ನ ಹಿಂದೆ ಬರುತ್ತಿದ್ದ ನಾಯಿಯೂ ಜಾರಿತು. ಈಗ ಏರಿನ ಭಾಗಕ್ಕೆ ಮಾತ್ರ ಕಾಂಕ್ರೀಟ್ ಇಟ್ಟುಕೊಂಡು ಅಡ್ಡಕ್ಕೆ ಗೀರು ಹಾಕಿಸಿದ್ದೇವೆ. ಉಳಿದ ಕಡೆ ಸಣ್ಣ ಜಲ್ಲಿ, ಕ್ರಷರ್ ಪುಡಿ, ನಡು ಸ್ವಲ್ಪ ಎತ್ತರ. ಹತ್ತಿಪ್ಪತ್ತು ಹೆಜ್ಜೆಗೆ ಒಂದು ಅಡ್ಡ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಇಲ್ಲದಿದ್ದರೆ ಆಗಸ್ಟಿನಲ್ಲಿ ನಿಮ್ಮ ದಾರಿಯೇ ತೋಡು.

ಅಡಿಕೆ ಮರದ ಸಂಕದ ಮೇಲೆ ಕೋಳಿಗೂಡಿನ ಬಲೆ ಬಿಗಿದು ಮೊಳೆ ಹೊಡೆಯಿರಿ, ಹಿಡಿತ ಸಿಗುತ್ತದೆ. ಸೈಕಲ್ ಮಾತ್ರ ಇಳಿದು ತಳ್ಳಬೇಕು.

ಇನ್ನೊಂದು. ನಿಮ್ಮ ಕಡೆ ಆನೆ ಕಾಟ ನಮಗಿಂತ ಜಾಸ್ತಿ. ದಾರಿ ಪಕ್ಕದ ಹಲಸು ಹಣ್ಣಾಗುವ ಮುಂಚೆ ಇಳಿಸಿಬಿಡಿ, ವಾಸನೆಗೇ ಬರುತ್ತವೆ. ಆನೆ ಸುದ್ದಿ ಹಾಕುವ ವಾಟ್ಸಾಪ್ ಗ್ರೂಪಿಗೆ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಸೇರಿಕೊಳ್ಳಲಿ. ಸುದ್ದಿ ಇದ್ದ ದಿನ ಬಸ್ಸಿಗೆ ಕಳಿಸಿ.

ಟೇಪು ಅಕ್ಕ (ಎರಡು ವಾರದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳುತ್ತೇನೆ.

ಬೆಳೆಗಾರ ಅಣ್ಣ ಬೈಕಿನ ಮಾತು ಹೇಳಿದ ಮೇಲೆ ಕುತ್ತಿಗೆಯಲ್ಲಿದ್ದ ಟೇಪು ತೆಗೆದೆ. ಮಗಳ ಸೈಕಲ್ ಹ್ಯಾಂಡಲ್ 23 ಇಂಚು. ಅದು ಅವಳಣ್ಣನಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್. ಆ ಯೋಜನೆ ನಿಂತುಹೋಗಿದೆ, ಸೈಕಲ್ ಇನ್ನೂ ಓಡುತ್ತಿದೆ. ಅಂಗಡಿ ಮುಂದೆ ನಿಂತಿದ್ದ ಒಂದು ಬೈಕು 28, ಒಂದು ಸ್ಕೂಟರ್ 27. ಬೈಕಿನವನು "ಏನಕ್ಕಾ, ಗಾಡಿಗೆ ಬ್ಲೌಸ್ ಹೊಲಿಯುತ್ತೀರಾ?" ಅಂದ.

ಮನೆಯಲ್ಲಿ ಎರಡು ಬಿದಿರು ಗಳ ನೆಟ್ಟು ನಡುವೆ 25 ಇಂಚು ಬಿಟ್ಟೆ. ಸೈಕಲ್ ಸಲೀಸಾಗಿ ಹೋಯಿತು. ಮಗ ತನ್ನ ಬೈಕ್ ತಂದು ಅರ್ಧ ಗಂಟೆ ಗುದ್ದಾಡಿದ, ಆಗಲಿಲ್ಲ. ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಅತ್ತೆಯನ್ನೂ ಕರೆದುಕೊಂಡು ಯಜಮಾನರ ಮನೆಗೆ ಹೋದೆ. ಗೇಟು ಹಾಗೇ ಬೀಗ ಹಾಕಿಕೊಂಡಿರಲಿ, ಪಕ್ಕದಲ್ಲಿ 25 ಇಂಚು ಸಂದು ಬಿಡಿ ಅಂದೆ.

ವಿಡಿಯೋ ಎರಡು ಸಲ ನೋಡಿದರು. ಆಮೇಲೆ ಅತ್ತೆ ಸುಮ್ಮನಿರದೆ, ಯಜಮಾನರ ಅಪ್ಪ ಜಗಲಿಯಿಂದಲೇ ಕೂಗಿ ಸಂತೆಯಿಂದ ಒಣಮೀನು ತರಿಸುತ್ತಿದ್ದದ್ದು, ಚಿಲ್ಲರೆ ಬಾಕಿ ಉಳಿಸಿಕೊಳ್ಳುತ್ತಿದ್ದದ್ದು ಎಲ್ಲಾ ತೆಗೆದರು. ಸರ್ವೆಯರ್ ಸಾರ್, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು: ಯಾರೂ ಅನುಮತಿ ಕೇಳುತ್ತಿರಲಿಲ್ಲ, ಅವರೇ ಕರೆದು ಕೆಲಸ ಹೇಳುತ್ತಿದ್ದರು. ಗೇಟು ಹಾಕಿದ್ದು ಮಾರ್ಚ್, ಬರೆದಿಟ್ಟಿದ್ದೇನೆ. ನಕ್ಷೆಗೂ ಅರ್ಜಿ ಕೊಟ್ಟಿದ್ದೇನೆ, ಅವರಿಗೆ ಹೇಳಿಯೇ ಕೊಟ್ಟೆ.

ಸಂದಿಗೆ ಒಪ್ಪಿದ್ದಾರೆ. ಒಂದೇ ಷರತ್ತು, ದನ ನುಗ್ಗಬಾರದು. ಹಾಗಾಗಿ ಉಣುಗೋಲು (ಅಡ್ಡ ಗಳ) ಹಾಕುವ ತೂತಿನ ಕಲ್ಲುಕಂಬ ಎರಡು ಬೇಕು. ಸಂಜೆ ಆರಕ್ಕೆ ಅತ್ತೆ ಗಳ ಸಿಕ್ಕಿಸುತ್ತಾರೆ, ಬೆಳಿಗ್ಗೆ ತೆಗೆಯುತ್ತಾರೆ. ಒಂದು ಕಂಬ ನಮ್ಮ ಕೊಟ್ಟಿಗೆ ಹಿಂದೆ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿತ್ತು. ಗೋಣಿಕೊಪ್ಪ ಸುತ್ತಮುತ್ತ ಯಾರ ಹಿತ್ತಲಲ್ಲಾದರೂ ಇನ್ನೊಂದು ಇದ್ದರೆ ತಿಳಿಸಿ. ಪಿಕಪ್ ನಾವೇ ತರುತ್ತೇವೆ.