ಪುಲ್ಲೋರಂ ಪ್ಲೇಟ್ ಟೆಸ್ಟ್ ಪಾಸಿಟಿವ್, ಹಿಕ್ಕೆಯ ಪರೀಕ್ಷೆ ನೆಗೆಟಿವ್: ತಾಯಿಕೋಳಿ ಹಿಂಡಿನ ಪ್ರಮಾಣಪತ್ರಕ್ಕೆ ಯಾವುದನ್ನು ನಂಬಬೇಕು?

ಪ್ರಶ್ನೆ (ತುಮಕೂರು ಜಿಲ್ಲೆಯ ಸಾಕಣೆದಾರರು)

ಎಲ್ಲರಿಗೂ ನಮಸ್ಕಾರ. ನಾನು ನಾಟಿ ಕೋಳಿಗಳ ಸಣ್ಣ ತಾಯಿಹಿಂಡನ್ನು ಸಾಕುತ್ತಿದ್ದು, ಸ್ವಂತ ಇನ್‌ಕ್ಯುಬೇಟರಿನಲ್ಲಿ ಮರಿ ಮಾಡಿಸಿ ಮಾರುತ್ತೇನೆ. ಹಿಂಡಿನಲ್ಲಿ 180 ಹ್ಯಾಟೆಗಳೂ 20 ಹುಂಜಗಳೂ ಇವೆ. ಎಲ್ಲವೂ ಎಂಟು ತಿಂಗಳು ದಾಟಿದವು, ನೋಡಲು ಆರೋಗ್ಯವಾಗಿವೆ, ಮೊಟ್ಟೆಯೂ ಕಡಿಮೆಯಾಗಿಲ್ಲ. ಆಂಧ್ರದ ಖರೀದಿದಾರರೊಬ್ಬರು ಮರಿಗಳ ಜೊತೆಗೆ 'ಪುಲ್ಲೋರಂ ಮುಕ್ತ ಹಿಂಡು' (ಪುಲ್ಲೋರಂ ಎಂದರೆ ಸಾಲ್ಮೊನೆಲ್ಲಾ ಗುಂಪಿನ ರೋಗಾಣುವಿನಿಂದ ಮರಿಗಳಿಗೆ ಬರುವ ಬಿಳಿ ಭೇದಿ ರೋಗ) ಎಂಬ ಪ್ರಮಾಣಪತ್ರ ಬೇಕೆಂದು ಕೇಳಿದ್ದರಿಂದ, ನಮ್ಮ ಪಶುವೈದ್ಯರು ಬಣ್ಣದ ಆ್ಯಂಟಿಜನ್ (ಸತ್ತ ರೋಗಾಣುಗಳಿರುವ ಪರೀಕ್ಷಾ ದ್ರಾವಣ) ತರಿಸಿ ಎಲ್ಲ ಹಕ್ಕಿಗಳ ರೆಕ್ಕೆಯಿಂದ ರಕ್ತ ತೆಗೆದು ಪ್ಲೇಟ್ ಟೆಸ್ಟ್ ಮಾಡಿದರು. ಚಳಿಗಾಲದ ಬೆಳಗ್ಗೆ ಅಂಗಳದಲ್ಲೇ ಪರೀಕ್ಷೆ ನಡೆಯಿತು. 11 ಹ್ಯಾಟೆಗಳ ರಕ್ತ ನೀಲಿ ಕಣಗಳಾಗಿ ಒಡೆಯಿತು. ಅವುಗಳಲ್ಲಿ ಕೆಲವು ತಕ್ಷಣ ಒಡೆದವು, ಕೆಲವು ಹನಿ ಒಣಗುವ ಹೊತ್ತಿಗೆ ಅಂಚಿನಲ್ಲಿ ಮಾತ್ರ ಕಣಗಟ್ಟಿದವು. ಆದರೆ ಆ ಹನ್ನೊಂದೂ ಕೋಳಿಗಳ ಹಿಕ್ಕೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದಾಗ ಸಾಲ್ಮೊನೆಲ್ಲಾ ಬೆಳೆಯಲಿಲ್ಲವೆಂದು ವರದಿ ಬಂದಿದೆ.

ಹಿಂದಿನ ಹ್ಯಾಚಿನಲ್ಲಿ ಮೊದಲ ಎರಡು ವಾರಗಳಲ್ಲಿ ಒಂದಷ್ಟು ಮರಿಗಳು ಗುದದ್ವಾರಕ್ಕೆ ಬಿಳಿ ಹಿಕ್ಕೆ ಮೆತ್ತಿಕೊಂಡು ಸತ್ತಿದ್ದವು. ಆಗ ಮರಿಗಳಿಗೂ ತಾಯಿಕೋಳಿಗಳಿಗೂ ನೀರಿನಲ್ಲಿ ಆ್ಯಂಟಿಬಯೋಟಿಕ್ ಕೊಡಲಾಗಿತ್ತು. ಹಿಕ್ಕೆಯ ವರದಿಯನ್ನು ಆಧಾರವಾಗಿಟ್ಟುಕೊಂಡು ಪ್ರಮಾಣಪತ್ರ ಕೇಳಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ರೋಗಪತ್ತೆ ಪ್ರಯೋಗಾಲಯದಲ್ಲಿದ್ದ ನಿವೃತ್ತ ಪಶುವೈದ್ಯರು)

ದಯವಿಟ್ಟು ಕೇಳಬೇಡಿ, ಮರಿಗಳ ಮಾರಾಟವನ್ನೂ ಸದ್ಯಕ್ಕೆ ನಿಲ್ಲಿಸಿ. ನಿಮ್ಮ ಕೈಯಲ್ಲಿರುವ ಎರಡು ಫಲಿತಾಂಶಗಳು ಒಂದಕ್ಕೊಂದು ವಿರುದ್ಧವೆಂದು ತೋರಿದರೂ ಅವು ಎರಡು ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳು. ಪ್ಲೇಟ್ ಟೆಸ್ಟ್ ಹುಡುಕುವುದು ರೋಗಾಣುವಿನ ವಿರುದ್ಧ ರಕ್ತದಲ್ಲಿ ಮೂಡಿದ ಪ್ರತಿಕಾಯಗಳನ್ನು. ಹಿಕ್ಕೆಯ ಕಲ್ಚರ್, ಅಂದರೆ ಮಾದರಿಯಿಂದ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಹುಡುಕುವುದು ಆ ದಿನ ಕರುಳಿನಿಂದ ಹೊರಬೀಳುತ್ತಿರುವ ರೋಗಾಣುವನ್ನು. ಸಾಲ್ಮೊನೆಲ್ಲಾ ಪುಲ್ಲೋರಂ ಬೆಳೆದ ಹ್ಯಾಟೆಯಲ್ಲಿ ಅಡಗುವುದು ಮುಖ್ಯವಾಗಿ ಅಂಡಾಶಯದಲ್ಲಿ. ಅಲ್ಲಿಂದ ಅದು ಮೊಟ್ಟೆಯ ಹಳದಿ ಭಾಗದೊಳಗೆ ಸೇರಿ ನೇರವಾಗಿ ಮರಿಗೆ ದಾಟುತ್ತದೆ. ಕರುಳಿನಿಂದ ಹೊರಬರುವುದು ಕಡಿಮೆ, ಅದೂ ಬಿಟ್ಟುಬಿಟ್ಟು. ಹೀಗಿರುವಾಗ ಹಿಕ್ಕೆಯಲ್ಲಿ ಏನೂ ಬೆಳೆಯಲಿಲ್ಲವೆಂಬುದು, ಅದರಲ್ಲೂ ಆ್ಯಂಟಿಬಯೋಟಿಕ್ ಕೊಟ್ಟ ಹಿಂಡಿನಲ್ಲಿ, ಹಿಂಡು ಶುದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಬಿಳಿ ಭೇದಿಯಿಂದ ಸತ್ತ ಮರಿಗಳ ವಿಷಯ ನನಗೆ ಆ ವರದಿಗಿಂತ ಹೆಚ್ಚು ಚಿಂತೆ ತಂದಿದೆ.

ಇನ್ನೊಂದು ತಾಂತ್ರಿಕ ಸಂಗತಿಯನ್ನು ಪ್ರಯೋಗಾಲಯದವರಲ್ಲಿ ವಿಚಾರಿಸಿ. ಬೇರೆ ಸಾಲ್ಮೊನೆಲ್ಲಾಗಳನ್ನು ಹಿಕ್ಕೆಯಿಂದ ಹಿಡಿಯಲು ಬಳಸುವ ಅರೆಗಟ್ಟಿ ರಾಪಾಪೋರ್ಟ್ ಮಾಧ್ಯಮವು (ರೋಗಾಣುವನ್ನು ಬೆಳೆಸುವ ಪೋಷಕ ದ್ರವ್ಯ) ರೋಗಾಣು ಚಲಿಸಿ ಹರಡಿಕೊಳ್ಳುವುದನ್ನೇ ಗುರುತಾಗಿ ನೋಡುತ್ತದೆ. ಪುಲ್ಲೋರಂ ಮತ್ತು ಅದರ ಹತ್ತಿರದ ನಂಟಿನ ಗ್ಯಾಲಿನಾರಂ ಎರಡಕ್ಕೂ ಚಲನೆಯಿಲ್ಲ. ಆ ವಿಧಾನವನ್ನಷ್ಟೇ ಅನುಸರಿಸಿದ್ದರೆ ಇದ್ದ ರೋಗಾಣುವೂ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ಹನ್ನೊಂದೂ ಹ್ಯಾಟೆಗಳು ರೋಗವಾಹಕಗಳೆಂದು ಈಗಲೇ ತೀರ್ಮಾನಿಸುವಂತಿಲ್ಲ. ಆ್ಯಂಟಿಜನ್ ಮತ್ತು ತಾಜಾ ರಕ್ತವನ್ನು ಬಿಳಿ ಪ್ಲೇಟಿನ ಮೇಲೆ ಬೆರೆಸಿ ನಿಧಾನವಾಗಿ ಅಲುಗಿಸುತ್ತಾ 2 ನಿಮಿಷಗಳೊಳಗೆ ಓದಬೇಕು. ಅಷ್ಟರಲ್ಲಿ ಸ್ಪಷ್ಟವಾಗಿ ಕಣಗಟ್ಟಿದ್ದು ಮಾತ್ರ ಪಾಸಿಟಿವ್, ಆಮೇಲೆ ಹನಿ ಒಣಗುತ್ತಾ ಅಂಚಿನಲ್ಲಿ ಕಾಣುವುದನ್ನು ನೆಗೆಟಿವ್ ಎಂದೇ ಎಣಿಸಬೇಕು. ಫ್ರಿಜ್ಜಿನಿಂದ ತೆಗೆದ ಆ್ಯಂಟಿಜನ್ ಕೋಣೆಯ ಬಿಸುಪಿಗೆ ಬಂದಿರಬೇಕು, ಬಾಟಲಿಯನ್ನು ಚೆನ್ನಾಗಿ ಕುಲುಕಿರಬೇಕು, ಗಾಳಿ ಮತ್ತು ಧೂಳು ಇರಬಾರದು, ಪಾಸಿಟಿವ್ ಹಾಗೂ ನೆಗೆಟಿವ್ ಎಂದು ಮೊದಲೇ ಗೊತ್ತಿರುವ ಸೀರಮ್‌ಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಅಂಗಳದ ಚಳಿಯಲ್ಲಿ ಇವೆಲ್ಲವನ್ನೂ ಪಾಲಿಸುವುದು ಕಷ್ಟ. ಆದ್ದರಿಂದ ಹನ್ನೊಂದು ಹ್ಯಾಟೆಗಳನ್ನು ಬೇರೆ ಕೊಠಡಿಯಲ್ಲಿಟ್ಟು, ಕೋಣೆಯೊಳಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಆಗಲೂ ಪಾಸಿಟಿವ್ ಬಂದವುಗಳಲ್ಲಿ ಕನಿಷ್ಠ ನಾಲ್ಕನ್ನು, ಅಷ್ಟಿಲ್ಲದಿದ್ದರೆ ಇದ್ದಷ್ಟನ್ನೂ, ಜೀವಂತವಾಗಿಯೇ ಪ್ರಯೋಗಾಲಯಕ್ಕೆ ಒಪ್ಪಿಸಿ. ಅಂಡಾಶಯ, ಯಕೃತ್ತು, ಗುಲ್ಮ ಮತ್ತು ಪಿತ್ತಕೋಶಗಳಿಂದ ಕಲ್ಚರ್ ಮಾಡಲು ಬರವಣಿಗೆಯಲ್ಲಿ ಕೋರಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯ ಆವರಣದಲ್ಲೇ ದಕ್ಷಿಣ ಪ್ರಾದೇಶಿಕ ರೋಗಪತ್ತೆ ಪ್ರಯೋಗಾಲಯವಿದೆ; ನಿಮ್ಮ ಪಶುವೈದ್ಯರ ಪತ್ರದೊಂದಿಗೆ ಅಲ್ಲಿ ವಿಚಾರಿಸಿ. ಕೊಟ್ಟ ಔಷಧಿಯ ಹೆಸರನ್ನೂ ದಿನಾಂಕವನ್ನೂ ಪತ್ರದಲ್ಲಿ ಬರೆಯುವುದು ಅಗತ್ಯ.

ಉತ್ತರ (ಮೊಟ್ಟೆಕೋಳಿ ಸಾಕಣೆದಾರರು)

ಬೇರೆ ರೋಗಾಣುಗಳಿಂದಲೂ ಈ ಟೆಸ್ಟ್ ಸುಳ್ಳು ಪಾಸಿಟಿವ್ ತೋರಿಸುತ್ತದೆ ಎಂದು ಕೇಳಿದ್ದೇನೆ. ಹಾಗಾದರೆ ಎರಡನೆಯ ಸಲ ಪಾಸಿಟಿವ್ ಬಂದರೂ ಅಷ್ಟು ಹೆದರಬೇಕಾಗಿಲ್ಲ ಅಲ್ಲವೇ, ಡಾಕ್ಟರೇ?

ಉತ್ತರ (ನಿವೃತ್ತ ಪಶುವೈದ್ಯರು)

ಈ ಮಾತನ್ನು ಅರ್ಧಕ್ಕೇ ನಿಲ್ಲಿಸಬಾರದು. ಇ. ಕೋಲೈ, ಸ್ಟೆಫೈಲೊಕಾಕಸ್ ಮುಂತಾದವುಗಳಿಂದ ಅಡ್ಡ ಪ್ರತಿಕ್ರಿಯೆ ಬರುವುದು ನಿಜ. ಆದರೆ ಪುಲ್ಲೋರಂ ಮತ್ತು ಗ್ಯಾಲಿನಾರಂಗಳ ಮೇಲಿರುವ 9 ಮತ್ತು 12 ಎಂಬ ಆ್ಯಂಟಿಜನ್‌ಗಳೇ (ಪ್ರತಿಕಾಯಗಳು ಅಂಟಿಕೊಳ್ಳುವ ಮೇಲ್ಮೈ ಗುರುತುಗಳು) ಸಾಲ್ಮೊನೆಲ್ಲಾ ಎಂಟೆರಿಟಿಡಿಸ್ ಮೇಲೂ ಇವೆ. ಪುಲ್ಲೋರಂ ಮನುಷ್ಯರಿಗೆ ಅಂಟುವುದು ತೀರಾ ಅಪರೂಪ. ಎಂಟೆರಿಟಿಡಿಸ್ ಮಾತ್ರ ಮೊಟ್ಟೆಯ ಮೂಲಕ ಮನುಷ್ಯರ ಹೊಟ್ಟೆ ಸೇರಿ ವಾಂತಿಭೇದಿ ತರುವಂಥದ್ದು. ಆದ್ದರಿಂದ 'ಇದು ಬರೀ ಅಡ್ಡ ಪ್ರತಿಕ್ರಿಯೆ' ಎಂದು ಕೈಬಿಡುವ ಮೊದಲು ಅದು ಯಾವುದರಿಂದ ಬಂದಿದೆ ಎಂಬುದು ಕಲ್ಚರಿನಿಂದ ತಿಳಿಯಲೇಬೇಕು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು, ಸರ್. ಕೋಣೆಯೊಳಗೆ ಮರುಪರೀಕ್ಷೆ ಮಾಡಿಸಿದಾಗ ಐದು ಹ್ಯಾಟೆಗಳು ಮಾತ್ರ ಪಾಸಿಟಿವ್ ಬಂದವು. ಐದನ್ನೂ ಪ್ರಯೋಗಾಲಯಕ್ಕೆ ಕೊಟ್ಟೆವು; ಎರಡರ ಅಂಡಾಶಯದಲ್ಲಿ ಸಾಲ್ಮೊನೆಲ್ಲಾ ಪುಲ್ಲೋರಂ ಬೆಳೆದಿದೆ. ಅವುಗಳಲ್ಲಿ ಒಂದರ ಅಂಡಾಶಯದ ಮೊಟ್ಟೆಗಳು ಬಣ್ಣಗೆಟ್ಟು ಸುರುಟಿಕೊಂಡಿದ್ದವಂತೆ. ಉಳಿದ ಹಿಂಡಿಗೆ ಔಷಧಿ ಕೊಟ್ಟು ಸರಿಪಡಿಸಬಹುದೇ? ಇನ್‌ಕ್ಯುಬೇಟರಿನಲ್ಲಿರುವ ಮೊಟ್ಟೆಗಳನ್ನು ಏನು ಮಾಡಲಿ? ಖರೀದಿದಾರರು ಹಕ್ಕಿಜ್ವರ ಮತ್ತು ರಾಣಿಖೇತ್ ರೋಗಗಳ ವರದಿಯನ್ನೂ ಕೇಳುತ್ತಿದ್ದಾರೆ.

ಉತ್ತರ (ನಿವೃತ್ತ ಪಶುವೈದ್ಯರು)

ಔಷಧಿಯಿಂದ ಮರಿಗಳ ಸಾವು ಕಡಿಮೆಯಾಗಬಹುದು, ಆದರೆ ರೋಗವಾಹಕ ಹ್ಯಾಟೆ ರೋಗವಾಹಕವಾಗಿಯೇ ಉಳಿಯುತ್ತದೆ. ಮುಂದಿನ ಪರೀಕ್ಷೆಗಳೂ ಮಸುಕಾಗುತ್ತವೆ. ಆ ದಾರಿ ಬೇಡ. ಇನ್‌ಕ್ಯುಬೇಟರಿನಲ್ಲಿರುವ ಮೊಟ್ಟೆಗಳನ್ನು ನಾಶಪಡಿಸಿ, ಯಂತ್ರವನ್ನು ತೊಳೆದು ಧೂಮೀಕರಣ ಮಾಡಿಸಿ, ಏಕೆಂದರೆ ಒಂದು ಸೋಂಕಿತ ಮರಿ ಒಡೆದು ಬಂದರೂ ಅದರ ಮೈಯ ನವಿರು ಗಾಳಿಯಲ್ಲಿ ಹಾರಿ ಇಡೀ ತಟ್ಟೆಯ ಮರಿಗಳಿಗೆ ರೋಗ ಹಂಚುತ್ತದೆ. ಉಳಿದ ಎಲ್ಲ ಹಕ್ಕಿಗಳನ್ನು, ಹುಂಜಗಳನ್ನೂ ಬಿಡದೆ, ಕನಿಷ್ಠ 21 ದಿನಗಳ ಅಂತರದಲ್ಲಿ ಪರೀಕ್ಷಿಸುತ್ತಾ ಹೋಗಿ. ಪಾಸಿಟಿವ್ ಬಂದದ್ದನ್ನು ಪ್ರತಿ ಸಲವೂ ತೆಗೆಯಿರಿ. ಸತತ ಎರಡು ಸುತ್ತುಗಳಲ್ಲಿ ಒಂದೂ ಪಾಸಿಟಿವ್ ಬರದಿದ್ದಾಗ ಮಾತ್ರ ಹಿಂಡನ್ನು ನಂಬಬಹುದು. ಅಮೆರಿಕದಲ್ಲಿ 1935ರಲ್ಲಿ ಆರಂಭವಾದ ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆಯು ಹೀಗೆ ಪರೀಕ್ಷಿಸಿ ತೆಗೆಯುವ ಕ್ರಮದಿಂದಲೇ ವಾಣಿಜ್ಯ ಹಿಂಡುಗಳಿಂದ ಈ ರೋಗವನ್ನು ದೂರಮಾಡಿತು. ತಳಿ ಉಳಿಸಿಕೊಳ್ಳುವ ಒತ್ತಾಯವಿಲ್ಲದಿದ್ದರೆ ನಿಮ್ಮಷ್ಟು ಸಣ್ಣ ಹಿಂಡನ್ನು ಪೂರ್ತಿ ತೆಗೆದು ಶುದ್ಧ ಹಿಂಡಿನಿಂದ ಹೊಸದಾಗಿ ಆರಂಭಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಪುಲ್ಲೋರಂ ರೋಗವು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಅನುಸೂಚಿಯಲ್ಲಿದೆ. ಆದ್ದರಿಂದ ಪಶುವೈದ್ಯರ ಮೂಲಕ ಇಲಾಖೆಗೆ ಲಿಖಿತವಾಗಿ ತಿಳಿಸಿ.

ರಾಣಿಖೇತ್, ಅಂದರೆ ನಮ್ಮ ಕೊಕ್ಕರೆ ರೋಗಕ್ಕೆ, ಲಸಿಕೆ ಹಾಕಿದ ಹಿಂಡಿನ ರಕ್ತದಲ್ಲಿ ಪ್ರತಿಕಾಯ ಇದ್ದೇ ಇರುತ್ತದೆ. ಅದು ಲಸಿಕೆ ಹಿಡಿದಿರುವುದರ ಗುರುತು, ಅದನ್ನು ರೋಗವೆಂದು ಓದಬಾರದೆಂದು ಖರೀದಿದಾರರಿಗೆ ಮೊದಲೇ ವಿವರಿಸಿ. ಹಕ್ಕಿಜ್ವರದ ಮಾದರಿಗಳನ್ನು ಇಲಾಖೆಯ ಮೂಲಕವೇ ಕಳುಹಿಸಬೇಕು. ಅದರ ಅಂತಿಮ ದೃಢೀಕರಣ ಆಗುವುದು ಭೋಪಾಲದ ರಾಷ್ಟ್ರೀಯ ಉನ್ನತ ಸುರಕ್ಷತಾ ಪ್ರಾಣಿರೋಗ ಸಂಸ್ಥೆಯಲ್ಲಿ.

ಪ್ರಮಾಣಪತ್ರದಲ್ಲಿ 'ರೋಗಮುಕ್ತ' ಎಂಬ ಒಂದೇ ಪದಕ್ಕೆ ತೃಪ್ತರಾಗಬೇಡಿ. ಯಾವ ದಿನಾಂಕದಂದು, ಎಷ್ಟು ಹಕ್ಕಿಗಳಿಗೆ, ಯಾವ ಪರೀಕ್ಷೆ ನಡೆಯಿತು, ಫಲಿತಾಂಶವೇನು ಎಂಬುದನ್ನು ಬರೆಸಿ. ಇದು ಸಾಧ್ಯವಾಗಲು ಮುಂದಿನ ಸುತ್ತಿಗೆ ಮೊದಲೇ ಪ್ರತಿಯೊಂದು ಹಕ್ಕಿಯ ಕಾಲಿಗೂ ಸಂಖ್ಯೆಯುಳ್ಳ ಉಂಗುರ ಹಾಕಿ, ಆ ಸಂಖ್ಯೆಗಳ ಪಟ್ಟಿಯನ್ನೇ ಪರೀಕ್ಷೆಯ ದಾಖಲೆಯಾಗಿ ಪಶುವೈದ್ಯರಿಂದ ಸಹಿ ಮಾಡಿಸಿಟ್ಟುಕೊಳ್ಳಿ.