ಫುಲ್ ಟ್ಯಾಂಕ್ ಮಾಡಿಸಿದಾಗ ಮಾತ್ರ ಕಾರಿನೊಳಗೆ ಪೆಟ್ರೋಲ್ ವಾಸನೆ: ಎಲ್ಲಿ ಹುಡುಕಬೇಕು?

ಪ್ರಶ್ನೆ:
ನಮಸ್ಕಾರ ಸರ್. 2015ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಟ್ಯಾಂಕ್ ಫುಲ್ ಮಾಡಿಸಿದರೆ ಹಿಂದಿನ ಸೀಟಿನಲ್ಲಿ ಕೂತವರಿಗೆ ಘಾಟಾಗಿ ಪೆಟ್ರೋಲ್ ವಾಸನೆ ಬರುತ್ತೆ, ಘಾಟಿ ತಿರುವಿನಲ್ಲಿ ಇನ್ನೂ ಜಾಸ್ತಿ. ಅರ್ಧ ಟ್ಯಾಂಕಿಗೆ ಇಳಿದರೆ ವಾಸನೆಯೇ ಇಲ್ಲ. ಮೈಲೇಜ್ ಕಮ್ಮಿಯಾಗಿಲ್ಲ, ಗಾಡಿ ಕೆಳಗೆ ಹನಿಯೂ ಕಾಣಲ್ಲ. ಎರಡು ತಿಂಗಳ ಹಿಂದೆ ಫ್ಯೂಯಲ್ ಪಂಪ್ ಬದಲಾಯಿಸಿದ್ದರು. ಇಂಜಿನ್ ಕಡೆ ನೋಡಿಸಬೇಕಾ?

ಉತ್ತರ:
ಬಾನೆಟ್ ಎತ್ತೋ ಮುಂಚೆ ಹಿಂದಿನ ಸೀಟು ಎತ್ತಿಸಿ ಸರ್. ಟ್ಯಾಂಕ್ ತುಂಬಿದಾಗ ಮಾತ್ರ ವಾಸನೆ ಅಂದರೆ ಲೀಕ್ ಟ್ಯಾಂಕಿನ ಮೇಲ್ಭಾಗದಲ್ಲಿದೆ. ಪಂಪ್ ಮಾಡ್ಯೂಲಿನ (ಟ್ಯಾಂಕಿನೊಳಗೆ ಇಳಿಬಿಟ್ಟಿರೋ ಪಂಪ್ ಜೋಡಣೆ) ಸೀಲ್, ಅದರ ಮೇಲಿನ ಪೈಪ್ ಕನೆಕ್ಟರ್, ಪೆಟ್ರೋಲ್ ತುಂಬಿಸೋ ಫಿಲ್ಲರ್ ಹೋಸ್, ತುಂಬುವಾಗ ಗಾಳಿ ಹೊರಬಿಡೋ ಬ್ರೀದರ್ ಹೋಸ್, ಈ ನಾಲ್ಕರಲ್ಲಿ ಒಂದು. ಪಂಪ್ ಈಚೆಗೆ ಬಿಚ್ಚಿರೋದರಿಂದ ಮೊದಲ ಅನುಮಾನ ಸೀಲಿನ ಮೇಲೆ.

ಆ ರಬ್ಬರ್ ರಿಂಗ್ ವರ್ಷಗಟ್ಟಲೆ ಪೆಟ್ರೋಲಿನಲ್ಲಿದ್ದು ಊದಿಕೊಂಡಿರುತ್ತೆ. ಒಂದು ಸಲ ಹೊರಗೆ ತೆಗೆದರೆ ವಾಪಸ್ ಅದರ ತೋಡಿನಲ್ಲಿ ಸರಿಯಾಗಿ ಕೂರಲ್ಲ, ಒಂದು ಕಡೆ ಉಬ್ಬಿ ಮಡಿಚಿಕೊಳ್ಳುತ್ತೆ. ಹಾಗೇ ಒತ್ತಿ, ಮಾಡ್ಯೂಲನ್ನು ಹಿಡಿದಿಡೋ ಲಾಕ್ ರಿಂಗ್ ಬಿಗಿದರೆ ಮೇಲಿಂದ ನೋಡೋಕೆ ಎಲ್ಲಾ ಸರಿ. ಪೆಟ್ರೋಲ್ ಮಟ್ಟ ಅಲ್ಲಿಗೆ ಏರಿದಾಗ, ತಿರುವಿನಲ್ಲಿ ಕುಲುಕಿದಾಗ ಮಾತ್ರ ಸೋರುತ್ತೆ. ಸೋರಿದ್ದು ಟ್ಯಾಂಕಿನ ಮೇಲೇ ಆವಿಯಾಗೋದರಿಂದ ನೆಲಕ್ಕೆ ಹನಿ ಬೀಳಲ್ಲ, ಮೈಲೇಜಿನಲ್ಲೂ ಗೊತ್ತಾಗಲ್ಲ. ಸೀಟಿನಡಿ ಇರೋ ತಗಡಿನ ಮುಚ್ಚಳದ ಪ್ಯಾಕಿಂಗ್ ಕೂಡ ಹರಿದಿದ್ದರೆ ಆವಿ ನೇರ ಒಳಗೇ ಬರುತ್ತೆ.

ಖಾತ್ರಿ ಮಾಡಿಕೊಳ್ಳೋಕೆ ಟ್ಯಾಂಕ್ ತುಂಬಿರುವಾಗಲೇ ಆ ಮುಚ್ಚಳ ತೆಗೆಸಿ. ಮಾಡ್ಯೂಲಿನ ಸುತ್ತಲ ಧೂಳು ನೋಡಿ. ಒಣ ಧೂಳಿನ ನಡುವೆ ಒಂದು ಕಡೆ ಮಾತ್ರ ಕಪ್ಪಗೆ, ಒದ್ದೆಯಾಗಿ, ತೊಳೆದ ಹಾಗೆ ಕಂಡರೆ ಅಲ್ಲೇ ಲೀಕ್. ಬಿಳಿ ಟಿಶ್ಯೂ ಒತ್ತಿ ಮೂಸಿ ನೋಡಿದರೆ ಸಾಕು.

ಪ್ರಶ್ನೆ ಕೇಳಿದವರು:
ನಾನೇ ಸೀಲ್ ಬದಲಾಯಿಸಬಹುದಾ ಸರ್? ಅನಾಬಾಂಡ್ (ಸಿಲಿಕೋನ್ ಪೇಸ್ಟ್) ಹಚ್ಚಿದರೆ ನಿಲ್ಲುತ್ತೆ ಅಂತ ಒಬ್ಬರು ಅಂದರು.

ಉತ್ತರ:
ಅನಾಬಾಂಡ್ ಬೇಡವೇ ಬೇಡ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿಗೆ ತಡೆಯಲ್ಲ, ಉಬ್ಬಿ ಚೂರುಚೂರಾಗಿ ಟ್ಯಾಂಕಿಗೆ ಬೀಳುತ್ತೆ, ಆಮೇಲೆ ಪಂಪಿನ ಜಾಲರಿ ಕಟ್ಟುತ್ತೆ. ನಿಮ್ಮ ಮಾಡೆಲಿನ ಹೊಸ ರಿಂಗೇ ತನ್ನಿ.

ಇಂಥ ಕೆಲಸ ಮಾಡಿ ಅಭ್ಯಾಸ ಇದ್ದರೆ ಮಾತ್ರ ಕೈ ಹಾಕಿ. ಟ್ಯಾಂಕ್ ಕಾಲು ಭಾಗಕ್ಕೆ ಇಳಿದ ಮೇಲೆ, ಇಂಜಿನ್ ತಣ್ಣಗಿರುವಾಗ, ಬಯಲಲ್ಲಿ ನಿಲ್ಲಿಸಿ. ಬಾಗಿಲೆಲ್ಲಾ ಅರ್ಧ ಗಂಟೆ ತೆರೆದಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲಿ, ಮುಚ್ಚಿದ ಶೆಡ್ಡಿನಲ್ಲಿ ನೆಲದ ಮಟ್ಟಕ್ಕೇ ನಿಲ್ಲುತ್ತೆ. ಪೌಡರ್ ಫೈರ್ ಎಕ್ಸ್‌ಟಿಂಗ್ವಿಶರ್ ಕೈಗೆಟುಕುವ ಹಾಗಿರಲಿ.

ಇಂಜಿನ್ ಓಡುತ್ತಿರುವಾಗ ಪಂಪಿನ ಫ್ಯೂಸ್ ಕಿತ್ತರೆ ತಾನೇ ಆಫ್ ಆಗುತ್ತೆ. ಇನ್ನೊಮ್ಮೆ ಮೂರು ಸೆಕೆಂಡ್ ಸೆಲ್ಫ್ ಹೊಡೆದು, ಕೀ ತೆಗೆದು, ಬ್ಯಾಟರಿ ನೆಗೆಟಿವ್ ಬಿಚ್ಚಿ. ಲೈನಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತೆ. ಅದನ್ನು ಇಳಿಸದೆ ಕನೆಕ್ಟರ್ ಎಳೆದರೆ ಮುಖಕ್ಕೇ ಚಿಮ್ಮುತ್ತೆ. ಇಳಿಸಿದ ಮೇಲೂ ಬಟ್ಟೆ ಸುತ್ತಿಕೊಂಡೇ ಎಳೀರಿ.

ಮಾಡ್ಯೂಲಿನ ಸುತ್ತಲ ಧೂಳನ್ನು ಬ್ರಷ್ ಮತ್ತು ಒದ್ದೆ ಬಟ್ಟೆಯಿಂದ ತೆಗೀರಿ. ವ್ಯಾಕ್ಯೂಮ್ ಕ್ಲೀನರ್ ಅಲ್ಲಿಗೆ ತರಲೇಬೇಡಿ, ಅದರ ಮೋಟಾರಿನ ಕಿಡಿ ಸಾಕು ಬೆಂಕಿಗೆ. ಲಾಕ್ ರಿಂಗ್ ಇದ್ದರೆ ಅದರದ್ದೇ ಟೂಲ್ ಬಳಸಿ. ಕಬ್ಬಿಣದ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಬಡಿಯೋದು ಎಷ್ಟೋ ಕಡೆ ರೂಢಿ, ಆದರೆ ಅದರಲ್ಲಿ ಕಿಡಿಯೂ ಹಾರುತ್ತೆ, ರಿಂಗಿನ ಹಲ್ಲೂ ಮುರಿಯುತ್ತೆ. ಮಾಡ್ಯೂಲ್ ಎತ್ತುವಾಗ ಓರೆ ಮಾಡಿ, ಪೆಟ್ರೋಲ್ ಮಟ್ಟ ಅಳೆಯೋ ಫ್ಲೋಟ್ ಕಡ್ಡಿ ಬಾಗಿದರೆ ಗೇಜ್ ತಪ್ಪು ತೋರಿಸುತ್ತೆ. ಟ್ಯಾಂಕಿನ ಅಂಚು ಒರೆಸಿ, ರಿಂಗ್ ಸುತ್ತಲೂ ತಿರುಚದೆ ಕೂರಿಸಿ, ಬಾಣದ ಗುರುತು ಹೊಂದಿಸಿ ಬಿಗೀರಿ. ಬೋಲ್ಟಿನದ್ದಾದರೆ ಎದುರುಬದುರು ಸ್ವಲ್ಪ ಸ್ವಲ್ಪವೇ.

ಆಮೇಲೆ ಫ್ಯೂಸ್, ಬ್ಯಾಟರಿ ಹಾಕಿ, ಸ್ಟಾರ್ಟ್ ಮಾಡದೆ ಮೂರ್ನಾಲ್ಕು ಸಲ ಕೀ ಆನ್ ಮಾಡಿ. ಪಂಪ್ ಒಂದೆರಡು ಸೆಕೆಂಡ್ ಓಡಿ ಲೈನ್ ತುಂಬುತ್ತೆ. ಕನೆಕ್ಟರ್ ಒಣಗಿದ್ದರೆ ಸ್ಟಾರ್ಟ್ ಮಾಡಿ.

ಇನ್ನೊಬ್ಬ ಮೆಕ್ಯಾನಿಕ್:
ಸೀಲ್ ಒಣಗಿಯೇ ಇದ್ದರೆ ಫಿಲ್ಲರ್ ಮತ್ತು ಬ್ರೀದರ್ ಹೋಸ್ ನೋಡಿ. ಹಿಂದಿನ ಚಕ್ರದ ಮೇಲೆ ಇರೋದರಿಂದ ಕೆಸರು ಹಿಡಿದು ಕ್ಲಿಪ್ಪಿನ ಜಾಗದಲ್ಲೇ ಬಿರುಕು ಬಿಡುತ್ತೆ. ಮಲೆನಾಡಿನ ಕಡೆ, ತೋಟದ ಮನೆಗಳಲ್ಲಿ ಇಲಿ ಕಡಿದಿರೋದೂ ಇದೆ. ನೀರಿನ ಪೈಪ್ ತುಂಡು ಹಾಕಿ ಕಟ್ಟಬೇಡಿ. ತೆಳು ಪ್ರೆಶರ್ ಲೈನಿಗಾದರೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರೋ ಇಂಜೆಕ್ಷನ್ ಹೋಸ್ ಕೇಳಿ. ಈಗ ಬರ್ತಿರೋದು ಇ20 (ಶೇ. 20ರವರೆಗೆ ಎಥನಾಲ್ ಬೆರೆಸಿದ) ಪೆಟ್ರೋಲ್, 2023ಕ್ಕೆ ಮುಂಚಿನ ಗಾಡಿಗಳಲ್ಲಿ ರಬ್ಬರ್ ಭಾಗಗಳನ್ನು ಸರ್ವಿಸ್‌ಗೆ ಬಿಟ್ಟಾಗಲೆಲ್ಲಾ ಮಡಿಚಿ ನೋಡಿಸೋದು ಒಳ್ಳೇದು.

ಬಂಕಿನಲ್ಲಿ ಆಟೋ ಕಟ್ ಆದ ಮೇಲೂ ತುಂಬಿಸ್ತೀರಾ? ಹಾಗೆ ಮಾಡಿದರೆ ಪೆಟ್ರೋಲ್ ಚಾರ್ಕೋಲ್ ಕ್ಯಾನಿಸ್ಟರಿಗೆ ನುಗ್ಗುತ್ತೆ. ಅದು ಆವಿ ಹೀರೋಕೆ ಇರೋದು, ದ್ರವಕ್ಕಲ್ಲ. ಪೆಟ್ರೋಲ್ ಹಾಕಿಸಿದ ತಕ್ಷಣ ಸ್ಟಾರ್ಟ್ ಆಗೋಕೆ ಕಷ್ಟಪಟ್ಟರೆ ಕ್ಯಾನಿಸ್ಟರಿನ ಆವಿಯನ್ನು ಇಂಜಿನ್‌ಗೆ ಬಿಡೋ ಪರ್ಜ್ ವಾಲ್ವ್ ಬಿಚ್ಚಿ ಊದಿ ನೋಡಿ, ಕರೆಂಟ್ ಇಲ್ಲದಾಗ ಗಾಳಿ ದಾಟಬಾರದು.

ಇನ್ನೊಬ್ಬರ ಪ್ರಶ್ನೆ:
ನಮ್ಮ ಗಾಡಿಯಲ್ಲಿ ಟ್ಯಾಂಕ್ ಎಷ್ಟೇ ಇರಲಿ, ಎಸಿ ಹಾಕಿದಾಗ ವಾಸನೆ ಬರುತ್ತೆ.

ಉತ್ತರ:
ಅದು ಮುಂದಿನ ಕಡೆಯದು ಮೇಡಂ. ಹೊರಗಿನ ಗಾಳಿ ವಿಂಡ್‌ಶೀಲ್ಡ್ ಕೆಳಗಿಂದ ಒಳಗೆ ಬರುತ್ತೆ. ರೀಸರ್ಕ್ಯುಲೇಷನ್‌ಗೆ (ಒಳಗಿನ ಗಾಳಿಯೇ ಸುತ್ತೋ ಹಾಗೆ) ಹಾಕಿದಾಗ ವಾಸನೆ ಕಮ್ಮಿಯಾದರೆ ಇಂಜಿನ್ ಕಡೆ ಸೋರಿಕೆ: ಇಂಜೆಕ್ಟರ್ ಓ ರಿಂಗ್, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚೋ ಫ್ಯೂಯಲ್ ರೈಲಿಗೆ ಬರೋ ಹೋಸ್. ಬಿಸಿ ಸೈಲೆನ್ಸರ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇರೋದರಿಂದ ಇದು ಟ್ಯಾಂಕಿನ ಲೀಕಿಗಿಂತ ಅಪಾಯ. ಒದ್ದೆ ಕಂಡರೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಪರ್ಫ್ಯೂಮ್ ತೂಗುಹಾಕಿ ವಾಸನೆ ಮುಚ್ಚಬೇಡಿ, ಲೀಕ್ ಹೆಚ್ಚಾದರೂ ಗೊತ್ತಾಗದೆ ಹೋಗುತ್ತೆ.

ಪ್ರಶ್ನೆ ಕೇಳಿದವರು:
ಸೀಟಿನಡಿ ನೋಡಿದೆ ಸರ್, ಎಡಗಡೆ ಒಂದೇ ಕಡೆ ಒದ್ದೆ ಇದೆ.

ಉತ್ತರ:
ಹಾಗಾದರೆ ಸೀಲೇ. ಸರಿಮಾಡಿದ ಮೇಲೆ ಆಟೋ ಕಟ್‌ವರೆಗೆ ತುಂಬಿಸಿ, ಏರಿನಲ್ಲಿ ಮುಖ ಮೇಲೆ ಮಾಡಿ ಒಂದು ಗಂಟೆ, ಆಮೇಲೆ ತಿರುಗಿಸಿ ಒಂದು ಗಂಟೆ ನಿಲ್ಲಿಸಿ, ಟಿಶ್ಯೂ ಒತ್ತಿ ನೋಡಿ. ಒಣಗಿದ್ದರೆ ಮುಚ್ಚಳಕ್ಕೆ ಹೊಸ ಪ್ಯಾಕಿಂಗ್ ಹಾಕಿ ಸೀಟು ಕೂರಿಸಿ. ಕಾರ್ಪೆಟ್ಟಿಗೆ ಹಿಡಿದ ವಾಸನೆ ಬಿಡೋಕೆ ನಾಲ್ಕೈದು ದಿನ ಬೇಕು. ದಿನದಿನಕ್ಕೆ ಕಮ್ಮಿ ಆಗ್ತಿರಬೇಕು, ಆಗದಿದ್ದರೆ ಬ್ರೀದರ್ ಹೋಸ್ ಬಿಚ್ಚಿಸಿ.