ವೆಬ್‌ಸ್ಟರ್ ಮುಖದ ತುಂಬಾ ಚುಕ್ಕಿ. ಇದು ನಿಜವಾದ ಕೆತ್ತನೆ ಚಿತ್ರವೇ?

ಮಂಜು_ವೂಸ್ಟರ್:
ನಮಸ್ಕಾರ. ಇಲ್ಲಿ ಮ್ಯಾಸಚೂಸೆಟ್ಸ್‌ನ ಹಳೇ ಸಾಮಾನಿನ ಅಂಗಡಿಯಲ್ಲಿ ಡೇನಿಯಲ್ ವೆಬ್‌ಸ್ಟರ್ ಚಿತ್ರ ಸಿಕ್ಕಿತು. ಇದೇ ರಾಜ್ಯದ ಸೆನೆಟರ್, 1852ರಲ್ಲಿ ತೀರಿಕೊಂಡವರು. 25 ಡಾಲರ್ ಕೊಟ್ಟೆ. ಗುಳಿಬಿದ್ದ ಕಣ್ಣು, ದಟ್ಟ ಹುಬ್ಬು. ಈಗಲೇ ಯಾರನ್ನೋ ಗದರಿಸುವ ಹಾಗಿದ್ದಾರೆ. ಕೆಳಗೆ ಜಾನ್ಸನ್ ಫ್ರೈ, ನ್ಯೂಯಾರ್ಕ್, 1862 ಅಂತಿದೆ. ಜಿಲ್ಲಾ ಕೋರ್ಟಿನ ಕ್ಲರ್ಕ್ ಕಚೇರಿಯಲ್ಲಿ ನೋಂದಣಿ ಅಂತಲೂ ಇದೆ. ಭೂತಗನ್ನಡಿ ಹಿಡಿದರೆ ಕೋಟಿನಲ್ಲಿ ಗೆರೆ, ಮುಖದಲ್ಲಿ ಬರೀ ಚುಕ್ಕಿ! ಚುಕ್ಕಿ ಇದ್ದರೆ ಈಚಿನ ಪ್ರಿಂಟ್ ಅಂತಾರಲ್ಲ. ನನಗೆ ಟೋಪಿ ಹಾಕಿದರಾ?

ಅಚ್ಚುಮೊಳೆ:
ಹೆದರಬೇಡಿ ಮಂಜು ಅವರೇ. ಕೆನ್ನೆ, ಹಣೆಯ ನೆರಳು ಮೆತ್ತಗೆ ಬರಲಿ ಅಂತ ಕೆತ್ತುವವರು ಅಲ್ಲಿ ಗೆರೆ ಬಿಟ್ಟು ಚುಕ್ಕಿ ಹಾಕುತ್ತಿದ್ದರು. ಸ್ಟಿಪಲ್ ಅಂತಾರೆ. ಕೈಯಲ್ಲಿ ಹಾಕಿದ್ದು, ಹಾಗಾಗಿ ಒಂದು ದಪ್ಪ, ಒಂದು ಸಣ್ಣ. ಕೆನ್ನೆಯ ಉಬ್ಬು ಹಿಡಿದು ಬಾಗಿಕೊಂಡು ಹೋಗುತ್ತವೆ. ಈಚಿನ ಪ್ರಿಂಟಿನದು ಹಾಫ್‌ಟೋನ್, ಅಂದರೆ ಫೋಟೋವನ್ನು ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವುದು. ಅದರ ಚುಕ್ಕಿ ರಂಗೋಲಿ ಚುಕ್ಕಿ ಹಾಗೆ, ಸಾಲು ತಪ್ಪುವುದಿಲ್ಲ. ಮುಖ, ಕೋಟು ಅಂತ ನೋಡದೆ ಎಲ್ಲ ಕಡೆ ಇರುತ್ತೆ. ನಿಮ್ಮ ಕೋಟಿನಲ್ಲಿ ಗೆರೆ ಇದೆ ಅಂದಮೇಲೆ ಮುಕ್ಕಾಲು ಉತ್ತರ ಸಿಕ್ಕಿತು. ಟಾರ್ಚನ್ನು ಪಕ್ಕದಿಂದ ಬಿಡಿ, ಕಪ್ಪು ಗೆರೆಗಳು ಕಾಗದದಿಂದ ತುಸು ಎದ್ದಿರಬೇಕು.

ಆ ನೋಂದಣಿ ಕಾಪಿರೈಟ್‌ದು. 1870ರಿಂದ ಆ ಕೆಲಸ ಕಾಂಗ್ರೆಸ್ ಲೈಬ್ರರಿಗೆ ಹೋಯಿತು. ಕೋರ್ಟ್ ಕ್ಲರ್ಕ್ ಅಂತಿದ್ದರೆ ಪ್ಲೇಟು, ಅಂದರೆ ಚಿತ್ರ ಕೆತ್ತಿದ ಲೋಹದ ಹಾಳೆ, ಅದಕ್ಕಿಂತ ಹಿಂದಿನದು. ನಿಮ್ಮ ಪ್ರತಿ ಅಚ್ಚಾಗಿದ್ದು ಸ್ವಲ್ಪ ಆಮೇಲೂ ಇರಬಹುದು. ಉಕ್ಕಿನ ಪ್ಲೇಟು ತಾಮ್ರದಷ್ಟು ಬೇಗ ಸವೆಯುವುದಿಲ್ಲ, ಸಾವಿರಾರು ಪ್ರತಿ ತೆಗೆಯುತ್ತಿದ್ದರು.

ನಿಮ್ಮದು ಪುಸ್ತಕದಿಂದ ಬಿಡಿಸಿದ ಹಾಳೆ ಇರಬೇಕು. ಕಲಾವಿದ ಅಲೊಂಜೊ ಚಾಪೆಲ್ ಬರೆದ ಗಣ್ಯರ ಚಿತ್ರಗಳನ್ನು ಕೆತ್ತಿಸಿ ಇದೇ ಜಾನ್ಸನ್ ಫ್ರೈ ಕಂಪನಿ ಸಂಪುಟ ಮಾಡಿ ಮಾರಿತ್ತು. ಬೇಕಾದಷ್ಟು ಸಿಗುತ್ತವೆ. 25 ಡಾಲರ್ ಜಾಸ್ತಿ ಏನಲ್ಲ. ಮಗಳ ಕಾಲೇಜು ಫೀಸು ಇದರಿಂದ ಹುಟ್ಟುತ್ತೆ ಅಂತ ಮಾತ್ರ ಅಂದುಕೊಳ್ಳಬೇಡಿ.

ಕಾಫಿಪುಡಿ:
ಕೆತ್ತನೆ ಅಸಲಿ ಆದರೂ ಆಳು ಅಸಲಿ ಇರಬೇಕಲ್ವಾ! ಜಾನ್ ಕ್ಯಾಲ್‌ಹೂನ್ ಅಂತ ಗುಲಾಮಗಿರಿಯ ಪರ ನಿಂತ ದಕ್ಷಿಣದ ನಾಯಕ. ಅವನ 1852ರ ಕೆತ್ತನೆ ಚಿತ್ರಕ್ಕೆ ಆಮೇಲೆ ಲಿಂಕನ್ ತಲೆ ಕೂರಿಸಿ ಮಾರಿದರು. ಮೇಜಿನ ಮೇಲಿನ ಕಾಗದಗಳಲ್ಲಿ ‘ರಾಜ್ಯಗಳ ಸಾರ್ವಭೌಮತ್ವ’ ಹೋಗಿ ‘ಸ್ವಾತಂತ್ರ್ಯ ಘೋಷಣೆ’ ಬಂತು. ಮಚ್ಚೆ ಮಾತ್ರ ಕೈಕೊಟ್ಟಿತು. ಬಲಗೆನ್ನೆಯದು ಎಡಗೆನ್ನೆಗೆ ಬಂದು ಕೂತಿದೆ.

ಮಂಜು_ವೂಸ್ಟರ್:
ನೋಡಿದೆ, ಚುಕ್ಕಿ ಬಾಗಿಕೊಂಡೇ ಇವೆ. ಥ್ಯಾಂಕ್ಸ್! ಅಂಚಿನಲ್ಲಿ ಕಂದು ಕಲೆ ಇದೆ, ಹಿಂದೆ ಹಳೇ ರಟ್ಟು. ಸ್ವಲ್ಪ ಬ್ಲೀಚ್ ಹಾಕಲಾ?

ಅಚ್ಚುಮೊಳೆ:
ಅಯ್ಯೋ, ಬೇಡ! ಕಲೆ ಹಾಗೇ ಇರಲಿ. ಮೊದಲು ಆ ರಟ್ಟು ತೆಗೆಯಿರಿ, ಅದರ ಆಮ್ಲ ಕಾಗದಕ್ಕೆ ಇಳಿಯುತ್ತೆ. ಹಾಳೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಕಾಗದ ರಿಪೇರಿ ಬಲ್ಲವರಿಗೆ ಕೊಡಿ. ಆಮ್ಲ ಇಲ್ಲದ ಬೋರ್ಡ್ ಹಾಕಿಸಿ, ಗಾಜು ಚಿತ್ರಕ್ಕೆ ತಾಗದ ಹಾಗೆ ಮೌಂಟ್ ಮಾಡಿಸಿ. ಬಿಸಿಲು ಬೀಳುವ ಗೋಡೆ ಬೇಡ.